ಮೇಸ್ತ್ರಿಯ ಮೊಣಕಾಲು

ದೊಡ್ಡಮ್ಮನ ಬಾಯಲ್ಲಿ ಮೊಳೆ ಇರುವಾಗ ಅವರನ್ನು ಏನೂ ಕೇಳಬಾರದು. ಮದುವೆಯಾಗಿ ಈ ಮನೆಗೆ ಬಂದಾಗ ನಾನು ಕಲಿತ ಮೊದಲ ಪಾಠ ಇದು. ದೊಡ್ಡಮ್ಮ ಎಂದರೆ ನನ್ನ ಅತ್ತೆಯ ಅಕ್ಕ. ನನ್ನ ಗಂಡ ಕರೆಯುವ ಹಾಗೇ ನಾನೂ ಕರೆಯುತ್ತೇನೆ. ಮಹಡಿಯ ಮೇಲೆ ನಾವು, ಕೆಳಗೆ ಅವರ ಸೋಫಾ ರಿಪೇರಿ ಅಂಗಡಿ, ಅಂಗಡಿಯ ಹಿಂದೆ ಅವರದೊಂದು ಕೋಣೆ. ಮರದ ಚೌಕಟ್ಟಿಗೆ ಬಟ್ಟೆ ಎಳೆದು ಬಿಗಿಯುವಾಗ ಮೊಳೆ ಹುಡುಕಲು ಕೈ ಬಿಡುವಿರುವುದಿಲ್ಲ. ಹಾಗಾಗಿ ಸಣ್ಣ ಮೊಳೆಗಳನ್ನು ಮುಷ್ಟಿಗಟ್ಟಲೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಯ ತುದಿಗೆ ಅಂಟಿಸಿಕೊಂಡು ಟಕ್ಕೆಂದು ಹೊಡೆಯುತ್ತಾರೆ. ನೋಡುವವರಿಗೆ ಅವರು ಮೊಳೆಯನ್ನು ತಾವೇ ಹಡೆಯುತ್ತಿದ್ದಾರೇನೋ ಅನ್ನಿಸಬೇಕು.

ಮೊದಲ ಸಲ ನೋಡಿದಾಗ ನಾನು ಅವರ ಗಂಟಲನ್ನೇ ನೋಡುತ್ತ ನಿಂತಿದ್ದೆ. ನುಂಗಿಬಿಟ್ಟರೆ? ಕೆಮ್ಮು ಬಂದರೆ? ಮಗಳು ಹುಟ್ಟಿದ ಮೇಲಂತೂ ನನ್ನ ಭಯಕ್ಕೆ ಕೈಕಾಲು ಬಂದವು. ಅವಳು ಬಾಯಿ ತುಂಬ ಒಣದ್ರಾಕ್ಷಿ ತುಂಬಿಕೊಂಡು, ಒಂದೊಂದನ್ನೇ ತುಟಿಗೆ ತಂದು, ಆಟಿಕೆಯ ಸುತ್ತಿಗೆಯಿಂದ ಗೋಡೆಗೆ ಹೊಡೆಯುವುದನ್ನು ಕಲಿತಳು. ಗೋಡೆಯೆಲ್ಲ ಅಂಟು.

"ಅವಳಿಗೆ ಸ್ವಲ್ಪ ಹೇಳಿ ದೊಡ್ಡಮ್ಮ" ಎಂದೆ.

"ಹೇಳಿದೀನಿ. ಮೊದ್ಲು ದ್ರಾಕ್ಷಿಯಲ್ಲಿ ಕೈ ಕೂರಲಿ, ಆಮೇಲೆ ಮೊಳೆ ಕೊಡ್ತೀನಿ ಅಂತ."

ಅವರು ಹುಡುಗಿಯಾಗಿದ್ದಾಗಲೇ ಬಸ್ ಡಿಪೋದಲ್ಲಿ ಸೀಟು ಹೊಲಿಯುವ ವಿಭಾಗಕ್ಕೆ ಸೇರಿದ್ದರಂತೆ. ಬ್ಲೇಡಿನಿಂದ ಸೀಟು ಹರಿಯುವ ಪಡ್ಡೆಗಳನ್ನು ಬೈಯುತ್ತ ಬೈಯುತ್ತ ಕೆಲಸ ಕಲಿತೆ ಎನ್ನುತ್ತಾರೆ. ಆಮೇಲೆ ಸ್ವಂತ ಅಂಗಡಿ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಾಗಿರುತ್ತದೆ: "ಗಂಡಿನವರು ಬಂದು ಕೇಳಿದಾಗ ಬಾಯಲ್ಲಿ ಮೊಳೆ ಇತ್ತು. ಹೂಂ ಅನ್ನೋಕಾಗ್ಲಿಲ್ಲ."

ಅಂಗಡಿಗೆ ಹಳೆಯ ಸೋಫಾ ಬಂದರೆ ಅವರು ಬಟ್ಟೆ ನೋಡುವುದಿಲ್ಲ. ಮಗುಚಿ ಹಾಕಿ, ಸುತ್ತಿಗೆಯ ಹಿಡಿಯಿಂದ ಮರವನ್ನು ಅಲ್ಲಲ್ಲಿ ತಟ್ಟಿ ಕಿವಿಗೊಡುತ್ತಾರೆ. ಚೌಕಟ್ಟು ಗಟ್ಟಿಯಿದ್ದರೆ ಉಳಿದದ್ದೆಲ್ಲ ಆಗುವ ಕೆಲಸ. ಸ್ಪ್ರಿಂಗು, ನಾರು, ಫೋಮು ಎಲ್ಲ ಕಿತ್ತು ಹೊಸದಾಗಿ ಕಟ್ಟುತ್ತಾರೆ. ಮರಕ್ಕೆ ಹುಳ ಹೊಡೆದಿದ್ದರೆ ಮಾತ್ರ ಮುಟ್ಟುವುದಿಲ್ಲ.

"ಚೌಕಟ್ಟು ಹೋಗಿದೆ. ತಗೊಂಡು ಹೋಗಿ."

"ಹಾಗನ್ಬೇಡಿ ಅಮ್ಮ, ನಮ್ಮಜ್ಜಿ ಕಾಲದ್ದು" ಎಂದು ಒಬ್ಬ ಗಿರಾಕಿ ಗೋಗರೆದಿದ್ದ.

"ಅಜ್ಜಿ ಇದಾರಾ?"

"ಇಲ್ಲ."

"ಮತ್ತೆ ಇದೊಂದು ಯಾಕಿರ್ಬೇಕು?"

ಇಂಥ ಅಂಗಡಿಗೆ, ನಾನು ಬರುವ ಮುಂಚೆ, ಮನೆ ಬದಲಾಯಿಸುತ್ತಿದ್ದ ಯಾರೋ ಒಂದು ಹಸಿರು ಮಖಮಲ್ಲಿನ ಸೋಫಾ ತಂದು ಇಳಿಸಿದ್ದರು. ಅದರ ಮೇಲೊಂದು ಕಂದು ನಾಯಿಮರಿ ಮಲಗಿತ್ತು. "ಇದನ್ನೂ ಸ್ವಲ್ಪ ನೋಡ್ಕೊಳ್ಳಿ, ವಾರದಲ್ಲಿ ಬಂದು ಎರಡೂ ತಗೊಂಡು ಹೋಗ್ತೀವಿ" ಎಂದವರು ಮತ್ತೆ ಬರಲಿಲ್ಲ. ಸೋಫಾ ಮೂಲೆ ಸೇರಿತು. ಮರಿ ದೊಡ್ಡದಾಗಿ, ಒಂದು ಕಿವಿ ನಿಂತು ಒಂದು ಕಿವಿ ಮಡಿಚಿಕೊಂಡು, ಮೇಸ್ತ್ರಿ ಎಂಬ ಹೆಸರು ಪಡೆಯಿತು. ಯಾಕೆಂದರೆ ತಾನೇನೂ ಮಾಡದೆ ಎಲ್ಲರ ಕೆಲಸ ನೋಡಿಕೊಂಡು ಕೂರುತ್ತಿತ್ತು. ಕೆಲಸ ಮುಗಿದ ಪ್ರತಿಯೊಂದು ಸೋಫಾದ ಮೇಲೂ ಹಾರಿ, ಒಂದು ಸುತ್ತು ಸುತ್ತಿ, ಧೊಪ್ಪನೆ ಬೀಳುತ್ತಿತ್ತು. ಬಿದ್ದು ನಿಟ್ಟುಸಿರು ಬಿಟ್ಟರೆ ಸೋಫಾ ಪಾಸು. ಬಿದ್ದ ಮೇಲೂ ಜಾಗ ಬದಲಾಯಿಸಿದರೆ ದೊಡ್ಡಮ್ಮ ಆ ಜಾಗಕ್ಕೆ ಅಂಗೈ ಇಟ್ಟು ಒತ್ತಿ, ಬಟ್ಟೆಯಡಿಯಲ್ಲಿ ನಾರು ಗಂಟು ಕಟ್ಟಿದ್ದನ್ನು ಪತ್ತೆ ಮಾಡಿ, ಮತ್ತೆ ಬಿಚ್ಚುತ್ತಿದ್ದರು. ಮೇಸ್ತ್ರಿ ಪಾಸು ಮಾಡದ ಸೋಫಾ ಅಂಗಡಿಯಿಂದ ಹೊರಬೀಳುತ್ತಿರಲಿಲ್ಲ. ಗಿರಾಕಿಗಳು ನಗುತ್ತಿದ್ದರು, ಹೊಸ ಬಟ್ಟೆಯ ಮೇಲೆ ಕೂದಲು ಎಂದು ನಾನು ಒಳಗೊಳಗೇ ಒದ್ದಾಡುತ್ತಿದ್ದೆ.

ಸೋಫಾ ಹತ್ತಿ ಇಳಿದೇ ಅವನ ಮೊಣಕಾಲು ಸವೆಯಿತೋ ಏನೋ. ಪ್ರಾಣಿಗಳ ಡಾಕ್ಟರು ಹಾಗೆ ಖಚಿತವಾಗಿ ಹೇಳಲಿಲ್ಲ, ಇಲ್ಲವೆನ್ನಲೂ ಇಲ್ಲ. ನನ್ನ ಮಗಳು ನಡೆಯಲು ಕಲಿಯುತ್ತಿದ್ದ ದಿನಗಳವು. ಎತ್ತರದ ಕುರ್ಚಿಯೊಂದರಿಂದ ಇಳಿದ ಮೇಸ್ತ್ರಿ ಬಲಗಡೆಯ ಹಿಂಗಾಲನ್ನು ನೆಲಕ್ಕೆ ಊರದೆ ಹಾಗೇ ನಿಂತ. ಕೂಗಲಿಲ್ಲ. ಏನೋ ತಪ್ಪು ಮಾಡಿದವನ ಮುಖ ಮಾಡಿ ದೊಡ್ಡಮ್ಮನನ್ನು ನೋಡಿದ.

ಮೊಣಕಾಲಿನ ಒಳಗಿನ ಹುರಿ ಹರಿದಿದೆ, ಮೂಳೆ ಕೊಯ್ದು ಓರೆ ತಿದ್ದಿ ಲೋಹದ ಪ್ಲೇಟು ಕೂರಿಸಬೇಕು ಎಂದರು ಪ್ರಾಣಿಗಳ ಡಾಕ್ಟರು. ಕೂದಲೆಲ್ಲ ನೆರೆತ, ಮೆಲುದನಿಯ ಮನುಷ್ಯ. ನಾನು ಅರಿವಳಿಕೆಯ ಅಪಾಯಗಳನ್ನೆಲ್ಲ ಫೋನಿನಲ್ಲಿ ಓದಿಕೊಂಡು ಹೋಗಿದ್ದೆ. ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಪ್ಲೇಟು ಯಾವ ಕಡೆಯಿಂದ ಹಾಕ್ತೀರಿ?"

"ಒಳಗಡೆಯಿಂದ. ಎರಡು ಕಾಲಿನ ನಡುವೆ ಬರುತ್ತಲ್ಲ, ಆ ಕಡೆ."

"ಸರಿ. ಹೊರಗಡೆ ಕಾಣಿಸಲ್ಲ" ಎಂದರು, ಹೊಲಿಗೆ ಎಲ್ಲಿ ಬರುತ್ತದೆ ಎಂದು ಲೆಕ್ಕ ಹಾಕುವವರ ಹಾಗೆ.

ಆಪರೇಷನ್ ಆದ ಮೇಲೆ ಹಾರಕೂಡದು ಎಂದು ಕಟ್ಟಪ್ಪಣೆಯಾಯಿತು. ಸೋಫಾ ತುಂಬಿದ ಅಂಗಡಿಯಲ್ಲಿ ಅವನನ್ನು ತಡೆಯುವುದು ಹೇಗೆ? ದೊಡ್ಡಮ್ಮ ಅಂಗಡಿಯಲ್ಲಿದ್ದ ಎಲ್ಲ ಸೋಫಾಗಳ ಕಾಲು ಬಿಚ್ಚಿ ಚೀಲಕ್ಕೆ ತುಂಬಿದರು. ಅಂಗಡಿ ನೆಲದೊಳಗೆ ಇಳಿದುಹೋದ ಹಾಗೆ ಕಾಣುತ್ತಿತ್ತು. ಗಿರಾಕಿಗಳು ಬಾಗಿಲಲ್ಲೇ ನಿಂತು ತಮ್ಮ ಕಣ್ಣನ್ನು ತಾವೇ ನಂಬದೆ ನೋಡುತ್ತಿದ್ದರು. ಒಮ್ಮೆ ಹಲ್ಲಿನ ಡಾಕ್ಟರರ ಸೋಫಾಕ್ಕೆ ಬೇರೆ ಯಾರದೋ ಕಾಲು ಸೇರಿ, ಅವರ ಕಾಯುವ ಕೋಣೆಯಲ್ಲಿ ಕೂತವರೆಲ್ಲ ಒಂದೇ ಕಡೆಗೆ ಜಾರಿದರಂತೆ. "ಹಲ್ಲು ಕೀಳಿಸ್ಕೊಳ್ಳೋರಿಗೆ ಅಷ್ಟೂ ಗೊತ್ತಾಗಿರಲ್ಲ ಬಿಡು" ಎಂದರು ದೊಡ್ಡಮ್ಮ. ಅಂಗಡಿಯ ಉದ್ದಕ್ಕೂ ಮಗಳು ಒಂದು ಕಡೆಯಿಂದ ತಪ್ಪು ಹೆಜ್ಜೆ ಇಡುತ್ತ ಬರುತ್ತಿದ್ದಳು, ಇನ್ನೊಂದು ಕಡೆಯಿಂದ ಮೇಸ್ತ್ರಿ. ನಾನು ನಡುವೆ ನಿಂತು ಯಾರನ್ನು ಮೊದಲು ಹಿಡಿಯಲಿ ಎಂದು ಕೈ ಚಾಚುತ್ತಿದ್ದೆ. ಇಬ್ಬರೂ ನಡೆದರು.

ಕೆಲವು ವರ್ಷಗಳ ಮೇಲೆ ಎಡಗಾಲಿನ ಹುರಿಯೂ ಹರಿಯಿತು. ಇಷ್ಟು ದಿನ ಭಾರವೆಲ್ಲ ಅದೇ ಹೊತ್ತಿತ್ತಲ್ಲ, ಹೀಗಾಗುವುದುಂಟು ಎಂದರು ಡಾಕ್ಟರು. ಅಷ್ಟರಲ್ಲಿ ಮೇಸ್ತ್ರಿಗೆ ವಯಸ್ಸಾಗಿತ್ತು, ಎದೆಯ ಬಡಿತವೂ ಸರಿಯಿರಲಿಲ್ಲ. ಇನ್ನೊಂದು ಆಪರೇಷನ್ ಬೇಡ, ಪಟ್ಟಿ ಕಟ್ಟಿ ಜೋಪಾನ ಮಾಡಿ ಎಂದರು. ಕ್ಯಾನ್ವಾಸು, ಫೋಮು ಸೇರಿಸಿ ದೊಡ್ಡಮ್ಮ ತಾವೇ ಮೊಣಕಾಲಿನ ಪಟ್ಟಿ ಹೊಲಿದರು. ಅಂಚಿಗೆ ಸೋಫಾಕ್ಕೆ ಕೊಡುವ ಹಾಗೇ ಉಬ್ಬು ಹೊಲಿಗೆ ಕೊಟ್ಟರು. ಕುಂಟುತ್ತ ಕುಂಟುತ್ತಲೇ ಅವನು ಸೋಫಾ ಪಾಸು ಮಾಡುತ್ತಿದ್ದ. ಕುಂಟು ನಮ್ಮ ಮನೆಗೆ ಹೊಸದಲ್ಲವಾದ್ದರಿಂದ ನಾವು ಅದನ್ನು ನೋಡುವುದನ್ನೇ ಬಿಟ್ಟೆವು.

ಬಲಗಾಲಿನ ಮೊಣಕಾಲಿನ ಕೆಳಗೆ ಏನೋ ಗಟ್ಟಿಯಾಗಿ ಕೈಗೆ ಸಿಗತೊಡಗಿದಾಗ ದೊಡ್ಡಮ್ಮ, "ಪ್ಲೇಟು. ವಯಸ್ಸಾಗಿ ಮಾಂಸ ಇಳಿದಿದೆ, ಮೇಲಕ್ಕೆ ಸಿಗ್ತಿದೆ" ಎಂದರು. ದಿನಾ ಎಣ್ಣೆ ಹಚ್ಚಿ ತಿಕ್ಕಿದರು. ಮಗಳೂ ಪ್ಲೇಟು ಪ್ಲೇಟು ಎಂದು ಸವರುತ್ತಿದ್ದಳು. ಅದು ದೊಡ್ಡದಾದ ಹಾಗೆ ಕಂಡಾಗ ನಾನು, ಡಾಕ್ಟರಿಗೊಮ್ಮೆ ತೋರಿಸೋಣ ಎಂದೆ.

"ನಿನಗೆ ಕೆಮ್ಮಿದ್ರೂ ಡಾಕ್ಟ್ರು, ಸೀನಿದ್ರೂ ಡಾಕ್ಟ್ರು. ನನ್ ಕೈಗೆ ಗೊತ್ತಾಗಲ್ವಾ?"

ಗೊತ್ತಾಗುತ್ತದೆ ಎಂದೇ ನಾನೂ ನಂಬಿದೆ. ಮೂರು ಪದರ ಬಟ್ಟೆಯ ಕೆಳಗಿನ ಗಂಟನ್ನು ಹಿಡಿಯುವ ಕೈ ಅದು. ಆದರೆ ಮೇಸ್ತ್ರಿ ಊಟ ಬಿಡತೊಡಗಿದ. ಎಣ್ಣೆಯ ಬಟ್ಟಲು ಕಂಡರೆ ಎದ್ದು ಹೋಗುತ್ತಿದ್ದ, ಹೋಗಲಾಗದಿದ್ದಾಗ ದೊಡ್ಡಮ್ಮನ ಮಣಿಕಟ್ಟನ್ನು ಹಲ್ಲಿನಲ್ಲಿ ಮೆಲ್ಲಗೆ ಹಿಡಿದುಕೊಳ್ಳುತ್ತಿದ್ದ. ಕಚ್ಚುತ್ತಿರಲಿಲ್ಲ, ಹಿಡಿದುಕೊಳ್ಳುತ್ತಿದ್ದ ಅಷ್ಟೆ. ಆಗ ಅವರೇ, "ನಡಿ, ಹೋಗೋಣ" ಎಂದರು.

ಡಾಕ್ಟರು ಎಕ್ಸ್‌ರೇ ತೆಗೆದು ಬೆಳಕಿನ ಹಲಗೆಗೆ ಸಿಕ್ಕಿಸಿದರು. ಪ್ಲೇಟು ಬೆಳ್ಳಗೆ, ಅಚ್ಚುಕಟ್ಟಾಗಿ, ಹಾಕಿದ ಜಾಗದಲ್ಲೇ ಇತ್ತು, ಒಳಗಡೆ. ಅದರ ಎದುರು ಬದಿಯಲ್ಲಿ, ನಾವು ಇಷ್ಟು ದಿನ ಸವರಿದ ಹೊರಗಡೆಯಲ್ಲಿ, ಮೂಳೆಗೆ ಅಂಚೇ ಇರಲಿಲ್ಲ. ತೂತು ತೂತಾಗಿ, ಪುಡಿಪುಡಿಯಾಗಿ, ಮಸುಕಾಗಿ ಹರಡಿಕೊಂಡಿತ್ತು. ದೊಡ್ಡಮ್ಮ ಮೂಗು ತಾಗುವಷ್ಟು ಹತ್ತಿರ ಹೋದರು.

"ಹುಳ ಹೊಡೆದಿದೆ" ಎಂದರು.

"ಹುಳ ಅಲ್ಲಮ್ಮ, ಗಡ್ಡೆ. ಮೂಳೆಯ ಕ್ಯಾನ್ಸರು. ನೋಡೋಕೆ ಮಾತ್ರ ನೀವು ಹೇಳಿದ ಹಾಗೇ ಇರುತ್ತೆ."

"ನಾನು ತಿಕ್ತಾ ಇದ್ದೆ" ಎಂದರು ದೊಡ್ಡಮ್ಮ.

"ತಿಕ್ಕಿದ್ದರಿಂದ ಬಂದಿದ್ದಲ್ಲ."

"ನೋವಾಗಿರುತ್ತಲ್ಲ."

ಡಾಕ್ಟರು ಹಲಗೆಯ ದೀಪ ಆರಿಸಿದರು. ಮೇಸ್ತ್ರಿ ಮೇಜಿನ ಮೇಲೆ ಮಲಗಿ ಬಾಗಿಲನ್ನು ನೋಡುತ್ತಿದ್ದ. ಡಾಕ್ಟರು, ಇಂಥ ಕಾಯಿಲೆಗೆ ಸಾಮಾನ್ಯವಾಗಿ ಕಾಲನ್ನೇ ತೆಗೆಯುತ್ತಾರೆ, ವಾಸಿಯಾಗದಿದ್ದರೂ ನೋವು ಹೋಗುತ್ತದೆ, ಕೆಲವು ತಿಂಗಳು ಸಿಗುತ್ತವೆ, ನಾಯಿಗಳು ಮೂರು ಕಾಲಿನಲ್ಲಿ ಚೆನ್ನಾಗಿಯೇ ಓಡಾಡುತ್ತವೆ ಎಂದು ವಿವರಿಸಿದರು. ನನ್ನ ಜೀವ ಒಂದು ಕ್ಷಣ ಹಗುರವಾಯಿತು. ಅಷ್ಟರಲ್ಲಿ ಅವರು ಎಡಗಾಲಿನ ಪಟ್ಟಿಯ ಮೇಲೆ ಕೈಯಿಟ್ಟರು.

"ಇವನಿಗೆ ಹಿಂದೆ ಉಳಿಯೋದು ಇದೊಂದೇ. ಇದು ಒಂದೇ ಇವನನ್ನ ಹೊರಬೇಕು."

"ಸ್ಟೂಲಿಗೆ ಮೂರೇ ಕಾಲು" ಎಂದರು ದೊಡ್ಡಮ್ಮ.

"ಸ್ಟೂಲು ನಡೆಯಲ್ಲ, ಅಮ್ಮ."

ಕೊನೆಗೆ ಒಂದು ಮಾತಾಯಿತು. ನೋವಿನ ಮಾತ್ರೆ ಕೊಡುತ್ತಾ, ಎಡಗಾಲು ಒಂಟಿಯಾಗಿ ಭಾರ ಹೊರುತ್ತದೆಯೇ ಎಂದು ನೋಡುವುದು. ಹೊತ್ತರೆ ಆಪರೇಷನ್. ಹೊರದಿದ್ದರೆ ಫೋನ್ ಮಾಡಿ, ನಾನೇ ಮನೆಗೆ ಬರುತ್ತೇನೆ ಎಂದರು. ಕೊನೆಯ ಸೂಜಿ ಕೊಡಲು ಎಂದು ನಮಗಿಬ್ಬರಿಗೂ ತಿಳಿಯಿತು. ಬಹಳ ದಿನ ನೋಡಬೇಡಿ, ಆ ಮೂಳೆ ಕೂತಲ್ಲೇ ಮುರಿಯಬಹುದು ಎಂದದ್ದು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು.

ಆವತ್ತಿನಿಂದ ನನಗೆ ಮಹಡಿಯ ಮೇಲೆ ಕೂತರೂ ನಿಂತರೂ ಕಿವಿ ಕೆಳಗೆ. ಏನಾದರೂ ಬಿದ್ದ ಸದ್ದಾದರೆ ಮುರಿಯಿತು ಅಂತಲೇ ಓಡುತ್ತಿದ್ದೆ. ಕತ್ತರಿ ಬಿದ್ದಿರುತ್ತಿತ್ತು. ನಾಯಿಗಳಿಗೆ ಹಿಂದೆ ಚಕ್ರದ ಗಾಡಿ ಕಟ್ಟಿರುವ ಚಿತ್ರಗಳನ್ನು ಹುಡುಕಿ ದೊಡ್ಡಮ್ಮನಿಗೆ ತೋರಿಸಿದೆ.

"ಚಕ್ರ ಕಾಲಿಗಾಯ್ತು. ನೋವಿಗೆ ಯಾವ ಚಕ್ರ ಕಟ್ತೀಯ?" ಎಂದರು.

"ನೀನು ಓದೋದು ನಿಲ್ಸು. ಓದಿದಷ್ಟೂ ನಿನಗೇ ಜ್ವರ ಬರೋ ಹಾಗಿದೆ" ಎಂದ ನನ್ನ ಗಂಡ. ಓದದಿದ್ದರೆ ಇನ್ನೇನು ಮಾಡಲಿ? ನನ್ನ ಕೈಲಿ ಆಗುವುದು ಅದೊಂದೇ ಇತ್ತು. ಮಗಳಿಗೆ ಏನು ಹೇಳಬೇಕು ಎಂದೂ ಓದಿದೆ. ನಿಜ ಹೇಳಿ ಎನ್ನುತ್ತಾರೆ ಕೆಲವರು, ಮಗು ಕೇಳಿದಷ್ಟೇ ಹೇಳಿ ಎನ್ನುತ್ತಾರೆ ಇನ್ನು ಕೆಲವರು. ಅವಳು ಏನೂ ಕೇಳಲೇ ಇಲ್ಲ.

ಭಾರದ ಸೋಫಾ ಮಗುಚಲು ಅಂಗಡಿಯ ತೊಲೆಗೆ ಒಂದು ರಾಟೆ ಹಾಕಿದ್ದಾರೆ. ದೊಡ್ಡಮ್ಮ ಸೋಫಾದ ತಳಕ್ಕೆ ಹೆಣೆಯುವ ಅಗಲದ ಪಟ್ಟಿಗಳಿಂದ ಒಂದು ಜೋಲಿ ಹೊಲಿದು, ಒಳಗೆ ತಮ್ಮ ಹಳೆಯ ಸ್ವೆಟರಿನ ಅಸ್ತರಿ ಕೊಟ್ಟು, ಮೇಸ್ತ್ರಿಯ ಹೊಟ್ಟೆಯಡಿ ತೂರಿಸಿ ರಾಟೆಗೆ ಕಟ್ಟಿದರು. ನೋಯುವ ಕಾಲನ್ನು ಅವನೇ ಮೇಲೆತ್ತಿಕೊಂಡಿರುತ್ತಿದ್ದ. ದೊಡ್ಡಮ್ಮ ಹಗ್ಗವನ್ನು ದಿನದಿನಕ್ಕೆ ಒಂದಿಷ್ಟೇ ಸಡಿಲಿಸಿ, ಎಡಗಾಲಿಗೆ ಅವನ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತ ಹೋದರು. ಸ್ಪ್ರಿಂಗಿಗೆ ಹುರಿ ಕಟ್ಟುವಾಗ ಹೀಗೇ ಮಾಡುತ್ತಾರೆ, ಒಮ್ಮೆಲೇ ಜಗ್ಗುವುದಿಲ್ಲ. ಮಗಳು ಅದನ್ನು ಉಯ್ಯಾಲೆ ಎಂದುಕೊಂಡು ತನಗೂ ಬೇಕೆಂದು ಹಟ ಹಿಡಿದಳು.

ಜೀವನವಿಡೀ ಹುಳ ಹೊಡೆದ ಮರವನ್ನು ಬಾಗಿಲಿಂದಾಚೆ ಕಳಿಸಿದವರು ಇವರೇನಾ ಎನ್ನಿಸುತ್ತಿತ್ತು ನನಗೆ. ಆ ಎಕ್ಸ್‌ರೇಯಲ್ಲಿ ಏನಿದೆ ಎಂದು ಅವರಿಗೆ ನೋಡಿದೊಡನೆ ಗೊತ್ತಾಗಿತ್ತು. ಆದರೂ ಹಗ್ಗ ಹಿಡಿದು, "ಇನ್ನೊಂಚೂರು. ಹಾಂ, ನಿಂತ್ಕೋ. ಮೇಸ್ತ್ರಿ ಅಂದ್ರೆ ಸುಮ್ನೇನಾ?" ಎಂದು ಪುಸಲಾಯಿಸುತ್ತಿದ್ದರು. ಹಲ್ಲಿನ ಡಾಕ್ಟರರಿಗೆ ಹೊಸದಾಗಿ ಮಾಡಿದ ಒಂಟಿ ಸೋಫಾ ಸಿದ್ಧವಾಗಿ ಪಕ್ಕದಲ್ಲೇ ಇತ್ತು. ಅವರು ಫೋನ್ ಮಾಡಿದರೆ, "ಇನ್ನೂ ಪಾಸಾಗಿಲ್ಲ" ಎಂದು ದೊಡ್ಡಮ್ಮ ಇಟ್ಟುಬಿಡುತ್ತಿದ್ದರು.

ಒಂದು ಬೆಳಿಗ್ಗೆ ಮಗಳು ಅಪ್ಪನ ಜೊತೆ ಶಾಲೆಗೆ ಹೊರಟ ಮೇಲೆ ನಾನು ಚಹಾ ತಂದೆ. ದೊಡ್ಡಮ್ಮ ಹಗ್ಗವನ್ನು ಪೂರ್ತಿ ಸಡಿಲ ಬಿಟ್ಟಿದ್ದರು. ಮೇಸ್ತ್ರಿ ನಿಂತಿದ್ದ. ಎಡಗಾಲು ನಡುಗುತ್ತಿತ್ತು, ಆದರೆ ನಿಂತಿದ್ದ. ದೊಡ್ಡಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅವರ ಮುಖದಲ್ಲಿ ಅಷ್ಟು ಎಳೆಯ ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಿಂದಕ್ಕೆ ಸರಿದು, ಕಾಲು ಬಿಚ್ಚಿಟ್ಟಿದ್ದ ಆ ಹೊಸ ಸೋಫಾವನ್ನು ತಟ್ಟಿದರು.

"ಬಾ, ನೋಡು. ಹೇಗಾಗಿದೆ ಹೇಳು."

ಅವನು ಬಂದ. ಮುಂಗಾಲು ಒಂದು ಹೆಜ್ಜೆ ಇಟ್ಟಿತು. ಹಿಂದಿನ ಎಡ ಮೊಣಕಾಲು ಕಾಗದದ ಹಾಗೆ ಮಡಚಿಕೊಂಡಿತು. ಕೂತುಬಿಟ್ಟ. ಏಳಲು ನೋಡಿದ, ಮತ್ತೆ ಕೂತ. ಮತ್ತೆ ನೋಡಿದ. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, ಮೊದಲ ಸಲ ಮೊಣಕಾಲು ಹೋದಾಗ ಮಾಡಿದ್ದ ಅದೇ ಮುಖ ಮಾಡಿದ, ತನ್ನದೇ ತಪ್ಪು ಎನ್ನುವ ಮುಖ.

"ಸಾಕು ಬಿಡಪ್ಪ" ಎಂದರು ದೊಡ್ಡಮ್ಮ. "ಸಾಕು."

ಜೋಲಿ ಬಿಚ್ಚಿ, ಮಡಿಚಿ, ಬೆಂಚಿನ ಮೇಲಿಟ್ಟರು. ಬೆನ್ನು ತಿರುಗಿಸಿಕೊಂಡೇ, "ಡಾಕ್ಟ್ರಿಗೆ ನೀನೇ ಫೋನ್ ಮಾಡು. ನನ್ ಕೈಯೆಲ್ಲ ಅಂಟಾಗಿದೆ" ಎಂದರು. ಅವರ ಕೈಯಲ್ಲಿ ಅಂಟೇನೂ ಇರಲಿಲ್ಲ.

ಮಧ್ಯಾಹ್ನ ಬರುತ್ತೇನೆ ಎಂದರು ಡಾಕ್ಟರು. ನನ್ನ ತಲೆ ಕೆಟ್ಟುಹೋಯಿತು. ಶಾಲೆ ಬಿಡುವ ಹೊತ್ತಿಗೆ ಮುಗಿದಿರಬೇಕೇ? ಮಗಳು ನೋಡುವುದು ಒಳ್ಳೆಯದೇ, ನೋಡದಿರುವುದೇ? ಗಂಡನಿಗೆ ಫೋನ್ ಮಾಡಿದರೆ, "ದೊಡ್ಡಮ್ಮನ್ನ ಕೇಳು" ಎಂದ. ದೊಡ್ಡಮ್ಮ ಮೂಲೆಯ ಹಸಿರು ಸೋಫಾವನ್ನು ಎಳೆದು ಮಗುಚಿ ಹಾಕಿ ಅದರ ಕಾಲು ಮತ್ತೆ ಬಿಚ್ಚುತ್ತಿದ್ದರು. ಇತ್ತೀಚೆಗೆ ಮೇಸ್ತ್ರಿ ಅದನ್ನು ಹತ್ತುತ್ತಿರಲಿಲ್ಲ, ಅದರ ಬುಡದಲ್ಲೇ ಮಲಗುತ್ತಿದ್ದ. ತಳದ ಬಟ್ಟೆ ಹರಿದಿತ್ತು. ಅಭ್ಯಾಸ ಬಲದಿಂದ ಎನ್ನುವ ಹಾಗೆ ಅವರು ಸುತ್ತಿಗೆಯ ಹಿಡಿಯಿಂದ ಮರವನ್ನು ತಟ್ಟಿದರು. ನನಗೇ ತಿಳಿಯುವಂಥ ಟೊಳ್ಳು ಸದ್ದು. ಹಳದಿ ಪುಡಿ ಉದುರಿತು.

"ಹುಳ ಹಿಡಿದಿದೆಯಲ್ಲ ದೊಡ್ಡಮ್ಮ."

"ಬಂದಾಗಲೇ ಇತ್ತು."

"ಮತ್ತೆ ಯಾಕೆ ಇಳಿಸ್ಕೊಂಡ್ರಿ?"

"ಅದರ ಮೇಲೆ ಇವನು ಮಲಗಿದ್ದ" ಎಂದರು. "ಎಬ್ಬಿಸೋಕೆ ಮನಸ್ಸು ಬರಲಿಲ್ಲ."

ಡಾಕ್ಟರು ಹೇಳಿದ ಹೊತ್ತಿಗೇ ಬಂದರು. ಬೂಟು ಬಿಚ್ಚಿ ನೆಲದ ಮೇಲೆ ಕೂತರು. ನಾನೂ ದೊಡ್ಡಮ್ಮನೂ ಜೋಲಿ ಹಿಡಿದು ಮೇಸ್ತ್ರಿಯನ್ನು ಹಸಿರು ಸೋಫಾದ ಮೇಲೆ ಎತ್ತಿದೆವು. ಎತ್ತಿದಾಗ ಅವನು ಅಷ್ಟು ಹಗುರವಾಗಿದ್ದದ್ದು ನನ್ನನ್ನು ಹೆದರಿಸಿತು. ಮಲಗಿಸಲು ಹೋದರೆ ಅವನು ಮಲಗಲೊಲ್ಲ. ಮುಂಗಾಲು ಊರಿ, ತಲೆ ಒಂದು ಕಡೆ ತಿರುಗಿಸಿ, ಏನೋ ಮಾಡಲು ಹೆಣಗುತ್ತಿದ್ದ. ನೋವಿಗೆ ಎಂದುಕೊಂಡೆ. ಡಾಕ್ಟರೂ ಹಾಗೇ ಅಂದುಕೊಂಡು ಸಿರಿಂಜಿಗೆ ಕೈ ಹಾಕಿದರು.

"ತಡೀರಿ" ಎಂದರು ದೊಡ್ಡಮ್ಮ. "ಸುತ್ತಬೇಕು ಅವನಿಗೆ."

ಜೋಲಿಯ ಎರಡೂ ತುದಿ ತಾವೇ ಹಿಡಿದು, ಬಗ್ಗಿ, ಅವನನ್ನು ಮೆಲ್ಲಗೆ ಒಂದು ಸುತ್ತು ಸುತ್ತಿಸಿದರು. ಅವನು ಮುಂಗಾಲುಗಳನ್ನು ಹೆಜ್ಜೆ ಹೆಜ್ಜೆಯಾಗಿ ಇಡುತ್ತ ಬಂದ, ಹಿಂದಿನ ಅರ್ಧವನ್ನು ಅವರು ಹೊತ್ತು ತಂದರು. ಸುತ್ತು ಮುಗಿದಾಗ ಜೋಲಿ ಇಳಿಸಿದರು. ಅವನು ಬಿದ್ದುಕೊಂಡು ನಿಟ್ಟುಸಿರು ಬಿಟ್ಟ. ಡಾಕ್ಟರು ತಮ್ಮ ಕೆಲಸ ಮಾಡಿದರು. ದೊಡ್ಡಮ್ಮನ ಅಂಗೈ ಅವನ ಪಕ್ಕೆಯ ಮೇಲಿತ್ತು, ಒತ್ತುತ್ತಿರಲಿಲ್ಲ, ಸುಮ್ಮನೆ ಇತ್ತು. ಆಮೇಲೂ ಬಹಳ ಹೊತ್ತು ಇತ್ತು.

ಡಾಕ್ಟರೇ ಅವನನ್ನು ತಮ್ಮ ಗಾಡಿಯಲ್ಲಿ ಕರೆದುಕೊಂಡು ಹೋದರು. ಗಾಡಿ ತಿರುವು ದಾಟುವ ಮೊದಲೇ ಶಾಲೆಯ ವ್ಯಾನು ಬಂತು. ಮಗಳು ಚೀಲವನ್ನು ನನ್ನ ಕೈಗೆ ತುರುಕಿ ಅಂಗಡಿಯೊಳಗೆ ಓಡಿದಳು. ನಾನು ಅವಳ ಹಿಂದೆ ಓಡಿದೆ. ಹಸಿರು ಸೋಫಾ ನೆಲಕ್ಕಂಟಿಕೊಂಡು ಖಾಲಿ ಬಿದ್ದಿತ್ತು. ಹಲ್ಲಿನ ಡಾಕ್ಟರರ ಸೋಫಾ ಇನ್ನೂ ಪಾಸಾಗದೆ ಅಲ್ಲೇ ಇತ್ತು. ದೊಡ್ಡಮ್ಮ ಬೆಂಚಿನ ಮುಂದೆ ನಿಂತಿದ್ದರು.

"ದೊಡ್ಡಜ್ಜಿ, ಮೇಸ್ತ್ರಿ ಎಲ್ಲಿ?"

ದೊಡ್ಡಮ್ಮ ತಿರುಗಿ, ತಮ್ಮ ಮುಚ್ಚಿದ ತುಟಿಗಳನ್ನು ಬೆರಳಿನಿಂದ ತೋರಿಸಿದರು. ಬಾಯಿ ತುಂಬ ಮೊಳೆ ಇತ್ತು. ಅವರ ಮುಂದಿನ ಬೆಂಚಿನ ಮೇಲೆ ಮಡಿಚಿಟ್ಟ ಜೋಲಿಯೊಂದನ್ನು ಬಿಟ್ಟರೆ ಬಟ್ಟೆಯಾಗಲಿ ಮರವಾಗಲಿ ಏನೂ ಇರಲಿಲ್ಲ. ಕೈಯಲ್ಲಿ ಸುತ್ತಿಗೆಯೂ ಇರಲಿಲ್ಲ.

ಮನೆಯ ನಿಯಮ ಮಗಳಿಗೂ ಗೊತ್ತು. ಅವಳು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು.